ಎಳ್ಳ ಅಮಾವಾಸ್ಯೆ ಆದ ಮೇಲೆ ಫಾಲ್ಸಾಕ್ಕೆ ಕತ್ತರಿ

ಕಲಬುರಗಿಯ ನಮ್ಮ ಮನೆ ಹಿತ್ತಲಲ್ಲಿ ಎರಡು ಫಾಲ್ಸಾ ಗಿಡಗಳಿವೆ. ಬೇಸಿಗೆಯಲ್ಲಿ ಬುಟ್ಟಿಯಲ್ಲಿ ಮಾರಲು ತರುತ್ತಾರಲ್ಲ, ಕಡಲೆಗಿಂತ ಸ್ವಲ್ಪ ದಪ್ಪ, ಕಪ್ಪು ನೇರಳೆ ಬಣ್ಣದ ಹುಳಿ-ಸಿಹಿ ಹಣ್ಣು, ಅದೇ. ಹಾಗೆ ಕೊಂಡ ಹಣ್ಣಿನ ಬೀಜವನ್ನೇ ತೊಳೆದು ಹಾಲಿನ ಪಾಕೀಟಿನಲ್ಲಿ ಹಾಕಿದ್ದೆ. ಮೂರು ವಾರದೊಳಗೆ ಮೊಳಕೆ ಬಂತು.

ಹಿತ್ತಲಿಗೆ ಶಹಾಬಾದ್ ಪರಸಿ ಹಾಸಿದೆ. ಎರಡು ಕಡೆ ಕಲ್ಲು ಎತ್ತಿಸಿ ಎರಡಡಿ ಗುಂಡಿ ತೋಡಿದೆ. ಕೆಳಗೆ ಅಪ್ಪಟ ಎರೆ ಮಣ್ಣು. ಫಾಲ್ಸಾ ನಮ್ಮ ಬಿಸಿಲಿಗೆ ಅಂಜುವುದಿಲ್ಲ, ಬುಡದಲ್ಲಿ ನೀರು ನಿಂತರೆ ಮಾತ್ರ ಸೊರಗುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಬಿಡುವುದೇ ಇಲ್ಲ, ಅಲ್ವಾ? ಅದಕ್ಕೆ ಅರ್ಧದಷ್ಟು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು), ಜೊತೆಗೆ ಹಳೆಯ ಕುರಿ ಗೊಬ್ಬರ ಬೆರೆಸಿದೆ. ಬುಡ ಸ್ವಲ್ಪ ದಿಬ್ಬದಂತೆ ಮಾಡಿ, ಜೂನಿನ ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಸಸಿ ಇಟ್ಟೆ. ನಡುವೆ ಎಂಟಡಿ ಜಾಗ.

ಮೂರನೇ ವರ್ಷಕ್ಕೆ ಗಿಡ ನನ್ನ ತಲೆ ದಾಟಿ ಹೋಯಿತು. ದೊಡ್ಡ ದೊಡ್ಡ ಒರಟು ಎಲೆ, ಕಣ್ತುಂಬ ಹಸಿರು. ಹಣ್ಣು ಮಾತ್ರ ತುದಿಯಲ್ಲಿ ಒಂದು ಹಿಡಿ, ಅದೂ ಪಿಕಳಾರಗಳ ಪಾಲು. ಗೊಬ್ಬರ ಸಾಲದೇನೋ ಎಂದು ಇನ್ನೂ ಹಾಕಿದೆ. ಎಲೆ ಜಾಸ್ತಿಯಾಯಿತು, ಅಷ್ಟೇ.

ತಪ್ಪು ನನ್ನದೇ. ಬೆಳೆದ ಗಿಡ ಕಡಿಯಲು ಮನಸ್ಸು ಬಂದಿರಲಿಲ್ಲ. ಫಾಲ್ಸಾ ಹೂ ಬಿಡುವುದು ಆ ವರ್ಷ ಬಂದ ಹೊಸ ಚಿಗುರಿನಲ್ಲಿ, ಎಲೆಯ ಕಂಕುಳಲ್ಲಿ. ಕಡಿಯದಿದ್ದರೆ ಹೊಸ ಚಿಗುರು ತುದಿಯಲ್ಲಷ್ಟೇ ಬರುತ್ತದೆ. ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ-ರೊಟ್ಟಿ ಉಂಡು ಬಂದೆವು. ಮರುವಾರ ಧೈರ್ಯ ಮಾಡಿ ಎರಡನ್ನೂ ಸೊಂಟದ ಎತ್ತರಕ್ಕೆ, ಸುಮಾರು ಮೂರಡಿಗೆ ಕತ್ತರಿಸಿದೆ. ಒಣಗಿದ್ದು, ಒಂದಕ್ಕೊಂದು ತಿಕ್ಕುವ ಟೊಂಗೆ ಎಲ್ಲ ತೆಗೆದೆ. ಆ ಬೋಳು ಕಡ್ಡಿಗಳನ್ನು ನೋಡಿ ಎರಡು ದಿನ ಹೊಟ್ಟೆ ಚುರುಕ್ ಎನ್ನುತ್ತಿತ್ತು. ಆಮೇಲೆ ಗೊಬ್ಬರ ಕೊಟ್ಟು, ನೀರು ಬಿಟ್ಟು, ಬುಡಕ್ಕೆ ತೊಗರಿ ಹೊಟ್ಟು ಹೊದಿಸಿದೆ. ಹೊಟ್ಟನ್ನು ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.

ಕೆಲವೇ ವಾರಗಳಲ್ಲಿ ಕಡಿದ ಕಡೆಯೆಲ್ಲ ಚಿಗುರು. ಬೇಸಿಗೆ ಶುರುವಾಗುವಾಗ ಹಳದಿ ಹೂ, ಅದರ ತುಂಬ ಜೇನ್ನೊಣ. ಕಾಯಿ ಹಿಡಿದ ಮೇಲೆ ವಾರಕ್ಕೆ ಎರಡು ಸಲ ನೀರು. ಏಪ್ರಿಲ್ ಕೊನೆಗೆ ಕೈಗೆಟುಕುವ ಎತ್ತರದಲ್ಲೇ ಗೊಂಚಲು ಗೊಂಚಲು ಹಣ್ಣು! ಹಕ್ಕಿಗಳಿಗಾಗಿ ಒಂದು ಗಿಡ ಬಿಟ್ಟು, ಇನ್ನೊಂದಕ್ಕೆ ಹಳೆಯ ಸೊಳ್ಳೆ ಪರದೆ ಹೊದಿಸಿದೆ.

ಗೊಂಚಲಿನ ಹಣ್ಣು ಒಟ್ಟಿಗೆ ಮಾಗುವುದಿಲ್ಲ. ದಿನ ಬಿಟ್ಟು ದಿನ ಕಪ್ಪಾದದ್ದನ್ನು ಮಾತ್ರ ಬಿಡಿಸಬೇಕು. ಬಿಡಿಸಿದ್ದು ಎರಡನೇ ದಿನಕ್ಕೇ ಮೆತ್ತಗಾಗುತ್ತದೆ, ಅಂಗಡಿಗಳಲ್ಲಿ ಇದು ಅಪರೂಪವಾಗಿರುವುದೂ ಅದಕ್ಕೇ. ನಾನು ಬೆಳಿಗ್ಗೆ ಕಿತ್ತು, ಕೈಯಲ್ಲೇ ಕಿವುಚಿ ಸೋಸುತ್ತೇನೆ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ರುಚಿ ಕೆಡುತ್ತದೆ. ಸಕ್ಕರೆ, ಚಿಟಿಕೆ ಕಪ್ಪು ಉಪ್ಪು, ಮಣ್ಣಿನ ಗಡಿಗೆಯ ನೀರು. ಮಧ್ಯಾಹ್ನ ಬಿಸಿಲಿನಿಂದ ಯಾರು ಬಂದರೂ ಮೊದಲು ಒಂದು ಲೋಟ ಇದನ್ನೇ ಕೊಡುತ್ತೇವೆ.