ಒಸಾಕದಲ್ಲಿ ರೂಮು ಮಾಡುವ ಕ್ರಮ

ಜಪಾನಿಗೆ ಹೊರಟವರು ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯಿಂದ ನನಗೆ ಫೋನ್ ಮಾಡುವುದುಂಟು. ಮಗಳು ಒಸಾಕದಲ್ಲಿ ಕೆಲಸದಲ್ಲಿದ್ದಾಳೆ, ಅವಳ ಮನೆ ಒಂದೇ ಕೋಣೆಯದು, ಹಾಗಾಗಿ ನಾವು ಹೋದಾಗಲೆಲ್ಲ ಹೋಟೆಲಿನಲ್ಲೇ ಉಳಿಯುವುದು ಎಂದು ಊರಿಗೆ ಗೊತ್ತು. "ಅಕ್ಕಾ, ತುಂಬ ದುಡ್ಡು ಕೊಡ್ಲಿಕ್ಕೆ ಆಗುದಿಲ್ಲ. ಆದ್ರೆ ಅಪ್ಪ ಅಮ್ಮನನ್ನು ಕರ್ಕೊಂಡು ಹೋಗುದು, ಅವರಿಗೆ ದೊಡ್ಡ ಹೋಟೆಲಿನಲ್ಲಿ ಇದ್ದ ಹಾಗೆ ಆಗ್ಬೇಕು" ಎನ್ನುತ್ತಾರೆ. ಖಂಡಿತ ಆಗುತ್ತದೆ. ದುಡ್ಡನ್ನು ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಸಾಕು.

ಸ್ಟಾರ್ ಲೆಕ್ಕ ಬಿಟ್ಟುಬಿಡಿ. ಜಪಾನಿನಲ್ಲಿ ಸರಕಾರ ಕೊಡುವ ಸ್ಟಾರ್ ಪದ್ಧತಿ ಇಲ್ಲ. ಬುಕಿಂಗ್ ಸೈಟಿನಲ್ಲಿ ಕಾಣುವುದು ಆಯಾ ಸೈಟಿನವರು ಹಾಕಿದ್ದು. ನೋಡಬೇಕಾದ್ದು ಕೋಣೆಯ ಚದರ ಮೀಟರ್. 12-13 ಚದರ ಮೀಟರಿನ ಕೋಣೆಯಲ್ಲಿ ಎರಡು ಪೆಟ್ಟಿಗೆ ಒಟ್ಟಿಗೆ ಬಿಡಿಸಿಡಲು ಜಾಗವಿಲ್ಲ. ಇಬ್ಬರಿಗೆ 18 ಇರಲಿ, 20 ದಾಟಿದರೆ ಆರಾಮ. ಅದು ಸುಮಾರು 215 ಚದರ ಅಡಿ. ಹಾಸಿಗೆಯ ಅಗಲವನ್ನೂ ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ. ಇಬ್ಬರಿಗೆ ಎಂದು ಎಲ್ಲಕ್ಕಿಂತ ಅಗ್ಗಕ್ಕೆ ತೋರಿಸುವುದು ಹೆಚ್ಚಾಗಿ ಸೆಮಿ ಡಬಲ್, ಅಂದರೆ ಬರೀ 120 ಸೆಂಟಿಮೀಟರ್. ಪ್ರಾಯದವರು ಜೊತೆಗಿದ್ದರೆ ಎರಡು ಬೇರೆ ಬೇರೆ ಮಂಚದ ಟ್ವಿನ್ ಕೋಣೆಯೇ ಬೇಕು. ಇನ್ನೊಂದು, ಜಪಾನಿನ ಸೈಟುಗಳಲ್ಲಿ ಎಷ್ಟೋ ಸಲ ದರ ಕೋಣೆಗಲ್ಲ, ತಲೆಗೆ. ಒಟ್ಟು ಮೊತ್ತ ಕಾಣುವವರೆಗೆ ಬುಕ್ ಒತ್ತಬೇಡಿ.

ಇನ್ನು ನಾನು ದುಡ್ಡು ಕೊಡಲು ಹಿಂದೆ ಮುಂದೆ ನೋಡದ ಸಂಗತಿ: ಸ್ನಾನ. ಸಾಧಾರಣ ಬಾಡಿಗೆಯ ಹಲವು ಹೋಟೆಲುಗಳಲ್ಲಿ ಎಲ್ಲರಿಗೂ ಸೇರಿದ ದೊಡ್ಡ ಬಿಸಿನೀರಿನ ಕೊಳ ಇರುತ್ತದೆ. ಅದಕ್ಕೆ ದೈಯೊಕುಜೊ ಎನ್ನುತ್ತಾರೆ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ. ಡಾರ್ಮಿ ಇನ್ ಎಂಬ ಸರಣಿ ಹೋಟೆಲುಗಳು ಇದಕ್ಕೇ ಹೆಸರಾದವು. ಕ್ಯಾಂಡಿಯೊ ಹೋಟೆಲುಗಳಲ್ಲಿ ಸ್ನಾನದ ಕೊಳ ಮೇಲಿನ ಮಹಡಿಯಲ್ಲಿರುವುದು ವಿಶೇಷ. ಡಾರ್ಮಿ ಇನ್‌ನವರದ್ದೇ ಒನ್ಯಾದೊ ನೊನೊ ಎಂಬ ಇನ್ನೊಂದು ಬಗೆಯ ಹೋಟೆಲ್ ಒಸಾಕದ ನಂಬಾ ಪೇಟೆಯಲ್ಲಿ ಉಂಟು: ಬಾಗಿಲಲ್ಲೇ ಚಪ್ಪಲಿ ಬಿಚ್ಚಿಟ್ಟು ಒಳಗೆ ಹೋಗಬೇಕು, ಆಮೇಲೆ ಇಡೀ ಕಟ್ಟಡದಲ್ಲಿ ತತಾಮಿ ಚಾಪೆಯ ಮೇಲೆ ಬರಿಗಾಲಿನ ಓಡಾಟ. ನಮ್ಮ ಕಡೆಯ ಹಿರಿಯರಿಗೆ ಇದು ಕೂಡಲೇ ಹಿಡಿಸುತ್ತದೆ.

ಮೈಮೇಲೆ ಬಟ್ಟೆಯಿಲ್ಲದೆ ಇಳಿಯಬೇಕು ಎಂದಾಗ ನಮ್ಮ ಅತ್ತೆಯವರು "ನನ್ನಿಂದ ಆಗ" ಎಂದು ಕೋಣೆಯಲ್ಲೇ ಕೂತರು. ಬಲವಂತ ಮಾಡಲಿಲ್ಲ. ಮರುದಿನ ಬೆಳಗ್ಗೆ ಐದಕ್ಕೆ ಎದ್ದು ಕರೆದುಕೊಂಡು ಹೋದೆ. ಅಷ್ಟು ಹೊತ್ತಿಗೆ ಒಳಗೆ ಒಂದು ಜನವಿಲ್ಲ. ಬುಟ್ಟಿಯಲ್ಲಿ ಬಟ್ಟೆ ಇಟ್ಟು, ಕುಳ್ಳಗಿನ ಸ್ಟೂಲಿನ ಮೇಲೆ ಕೂತು, ಸೋಪು ಹಚ್ಚಿ ಮೈ ಪೂರ್ತಿ ತೊಳೆದ ಮೇಲೆಯೇ ಕೊಳಕ್ಕೆ ಇಳಿಯಬೇಕು. ತಲೆಗೂದಲು ಎತ್ತಿ ಕಟ್ಟಬೇಕು, ಸಣ್ಣ ಟವೆಲ್ ನೀರಿಗೆ ತಾಗಬಾರದು. ಅತ್ತೆ ಕುತ್ತಿಗೆಯವರೆಗೆ ಮುಳುಗಿ ಕೂತು, ತುಂಬ ಹೊತ್ತು ಮಾತೇ ಆಡಲಿಲ್ಲ. ಅಡಿಕೆ ಸಿಪ್ಪೆ ಉರಿಸಿ ಹಂಡೆಯಲ್ಲಿ ಕಾಯಿಸಿದ ನೀರು ಮೈಗೆ ಬಿದ್ದ ಹಾಗೆ, ಮಂಡಿ ನೋವು ಇಳಿಯಿತು ಎಂದರು. ಆಮೇಲೆ ನನಗಿಂತ ಮುಂಚೆ ಅವರೇ ಎದ್ದು ತಯಾರಾಗುತ್ತಿದ್ದರು. ಹಲವು ಕಡೆ ಕೋಣೆಯ ಟಿವಿಯಲ್ಲೇ ಸ್ನಾನದ ಕೊಳದಲ್ಲಿ ಜನ ಎಷ್ಟು ಎಂದು ಕಾಣುತ್ತದೆ. ಸಂಕೋಚ ಇದ್ದವರು ಅದನ್ನು ನೋಡಿ ಹೋಗಬಹುದು. ಹಚ್ಚೆ ಇರುವವರನ್ನು ಕೆಲವು ಕಡೆ ಒಳಗೆ ಬಿಡುವುದಿಲ್ಲ, ಮೊದಲೇ ವಿಚಾರಿಸಿ.

ದುಡ್ಡು ಕೊಡಬಹುದಾದ ಎರಡನೆಯ ಸಂಗತಿ ಎತ್ತರ. ಬೆಂತೆಂಚೊ ಸ್ಟೇಷನಿನ ಹತ್ತಿರ 1993ರಲ್ಲಿ ಕಟ್ಟಿದ 200 ಮೀಟರ್ ಎತ್ತರದ ಗೋಪುರದಲ್ಲಿ ಆರ್ಟ್ ಹೋಟೆಲ್ ಒಸಾಕ ಬೇ ಟವರ್ ಉಂಟು. ಉಮೆದಾ, ನಂಬಾದಂಥ ಪೇಟೆಯ ನಡುವೆ ಅಲ್ಲ, ಆದ್ದರಿಂದ ದರ ಹದವಾಗಿ ಸಿಗುತ್ತದೆ. ರಾತ್ರಿ ಪರದೆ ಸರಿಸಿದರೆ ಕೆಳಗೆ ಇಡೀ ಒಸಾಕ ದೀಪ ಹಚ್ಚಿಕೊಂಡಿರುತ್ತದೆ. ಬುಕ್ ಮಾಡುವಾಗ "ಮೇಲಿನ ಮಹಡಿ ಕೊಡಿ" ಎಂದು ಎರಡು ಸಾಲು ಬರೆದುಬಿಡಿ, ಖಾಲಿ ಇದ್ದರೆ ಕೊಡುತ್ತಾರೆ. ಹಳೆಯ ದೊಡ್ಡ ಹೋಟೆಲುಗಳನ್ನೂ ಬಿಡಬೇಡಿ. ಒಸಾಕ ಕೋಟೆಯ ಎದುರಿನ ನ್ಯೂ ಒಟಾನಿ 1986ರದ್ದು. ಅಂಥವುಗಳಲ್ಲಿ ಲಾಬಿಯೂ ಕೋಣೆಯೂ ವಿಶಾಲ. ಸೀಸನ್ ಅಲ್ಲದ ವಾರದ ದಿನಗಳಲ್ಲಿ ಅವುಗಳ ದರವನ್ನು ಹೊಸ ಹೋಟೆಲಿನ ಇಕ್ಕಟ್ಟು ಕೋಣೆಯ ದರದ ಪಕ್ಕ ಇಟ್ಟು ನೋಡಿ.

ಜಾಗದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ತಿನಿಸಿನಂಗಡಿಗಳ ದೋತೊಂಬೊರಿ ಪೇಟೆಯ ಗದ್ದಲದ ನಡುವೆ ಬೇಡ. ಹೊಂಮಾಚಿ, ಯೊದೊಯಾಬಾಶಿ ಕಡೆ ಆಫೀಸುಗಳು ಜಾಸ್ತಿ, ಸಂಜೆಯಾದರೆ ಶಾಂತ. ಎರಡೂ ಮಿದೊಸುಜಿ ಮೆಟ್ರೊ ಲೈನಿನಲ್ಲಿವೆ. ಅದೇ ಲೈನಿನಲ್ಲಿ ಉಮೆದಾ, ನಂಬಾ, ಬುಲೆಟ್ ರೈಲಿನ ಶಿನ್ ಒಸಾಕ ಎಲ್ಲವೂ ಬರುತ್ತವೆ. ಸ್ಟೇಷನಿನ ಯಾವ ದ್ವಾರದಲ್ಲಿ ಲಿಫ್ಟ್ ಉಂಟು ಎಂದು ಊರಿನಲ್ಲಿರುವಾಗಲೇ ನೋಡಿಟ್ಟುಕೊಳ್ಳಿ. ಮೆಟ್ಟಿಲಲ್ಲಿ ಪೆಟ್ಟಿಗೆ ಹೊತ್ತು ಬಂದವರಿಗೆ ಎಂಥ ಹೋಟೆಲೂ ಚಂದ ಕಾಣುವುದಿಲ್ಲ.

ದಿನ ಆರಿಸುವುದರಲ್ಲೇ ಅರ್ಧ ಉಳಿತಾಯ. ಶನಿವಾರ ರಾತ್ರಿ ದುಬಾರಿ, ಆದಿತ್ಯವಾರ ರಾತ್ರಿ ಇಳಿಯುತ್ತದೆ. ಚೆರ್ರಿ ಹೂವಿನ ಮಾರ್ಚ್ ಕೊನೆ, ಏಪ್ರಿಲ್ 29ರಿಂದ ಮೇ 5ರವರೆಗಿನ ರಜೆ, ಆಗಸ್ಟ್ ನಡುವಿನ ಒಬೋನ್ ಎಂಬ ಪಿತೃಗಳ ಹಬ್ಬ, ಹೊಸ ವರ್ಷ, ಇವು ಬೇಡ. ಅಗ್ಗ ಎಂದರೆ ಜನವರಿ ಎರಡನೇ ವಾರದಿಂದ ಫೆಬ್ರವರಿ, ಮತ್ತೆ ಅಲ್ಲಿ ಮಳೆ ಹಿಡಿಯುವ ಜೂನ್. ತೋಟಕ್ಕೆ ಮದ್ದು ಬಿಡಿಸುವವರು ಜೂನಿನಲ್ಲಿ ಊರು ಬಿಡಲಾರರು, ಅವರು ಚಳಿಗೇ ಹೋಗಲಿ. ಬಿಸಿನೀರಿನ ಸುಖವೂ ಆಗಲೇ ಹೆಚ್ಚು.

ಸಸ್ಯಾಹಾರಿಗಳು ಬೆಳಗ್ಗಿನ ತಿಂಡಿ ಸೇರಿಸದೆ ಬುಕ್ ಮಾಡಿ. ಸೋಯಾದಿಂದ ಮಾಡುವ ಮಿಸೊ ಸಾರಿನಲ್ಲೂ ಮೀನಿನ ರಸ ಇರುತ್ತದೆ. ಡಾರ್ಮಿ ಇನ್‌ನವರು ರಾತ್ರಿ ಒಂಬತ್ತೂವರೆಯಿಂದ ಪುಕ್ಕಟೆ ಕೊಡುವ ನೂಡಲ್ಸ್ ಕೂಡ ನಮಗೆ ಆಗುವುದಿಲ್ಲ. ತಿಂಡಿಗೆ ಕೊಡುವ ದುಡ್ಡಿಗೆ ಅಂಗಡಿಯಿಂದ ಮೊಸರು, ಬಾಳೆಹಣ್ಣು, ಬ್ರೆಡ್ ತನ್ನಿ. ಕೋಣೆಯಲ್ಲಿ ಕೆಟ್ಲ್, ಗ್ರೀನ್ ಟೀ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಬಾಡಿಗೆಯ ಹೊರತಾಗಿ ಒಸಾಕದಲ್ಲಿ ವಾಸ್ತವ್ಯ ತೆರಿಗೆ ಉಂಟು. 2025ರ ಸೆಪ್ಟೆಂಬರಿನಿಂದ ತಲೆಗೆ ರಾತ್ರಿಯ ಬಾಡಿಗೆ 5,000 ಯೆನ್‌ನಿಂದ 15,000ದ ಒಳಗಿದ್ದರೆ 200 ಯೆನ್. ಕೌಂಟರಿನಲ್ಲಿ ಕೇಳಿದರೆ ಗಾಬರಿಯಾಗಬೇಡಿ. ಕೋಣೆ ಸಿಗುವುದು ಹೆಚ್ಚಾಗಿ ಮಧ್ಯಾಹ್ನ ಮೂರಕ್ಕೆ, ಆದರೆ ಬೆಳಗ್ಗೆಯೇ ಹೋಗಿ ಪೆಟ್ಟಿಗೆ ಕೊಟ್ಟರೆ ಚೀಟಿ ಕೊಟ್ಟು ಇಟ್ಟುಕೊಳ್ಳುತ್ತಾರೆ. ಹೊರಡುವ ದಿನವೂ ಹಾಗೆಯೇ: ಕೋಣೆ ಬಿಟ್ಟು, ಪೆಟ್ಟಿಗೆ ಕೆಳಗೆ ಇಟ್ಟು ಸಂಜೆಯವರೆಗೆ ತಿರುಗಾಡಿ, ಆಮೇಲೆ ನಂಬಾದಿಂದ ನಾನ್‌ಕಾಯ್ ರೈಲು ಹತ್ತಿದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಕಾನ್ಸಾಯ್ ವಿಮಾನ ನಿಲ್ದಾಣ.