ವಾಟ್ಸಾಪ್ ಬಿಡಿಸದೇ ಇಂಗ್ಲಿಷ್ ಬರೆಸಿದೆ

ಡಿಗ್ರಿ ಹುಡುಗರ ಇಂಗ್ಲಿಷ್ ಕೆಟ್ಟಿದ್ದೇ ವಾಟ್ಸಾಪಿನಿಂದ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಯಾವತ್ತೋ ತೀರ್ಮಾನವಾಗಿತ್ತು. ಅದರಿಂದಲೇ ರಿಪೇರಿ ಮಾಡ್ತೀನಿ ಅಂದರೆ, "ಮೊಬೈಲ್ ಕೈಯಾಗ ಕೊಟ್ಟು ಇಂಗ್ಲಿಷ್ ಕಲಸ್ತೀರೇನ್ರೀ?" ಅಂತ ನಕ್ಕರು. ಈಗ ಅವರೇ ನನ್ನ ಅಭ್ಯಾಸದ ಶೀಟು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಅರವತ್ತು ಹುಡುಗರ ಆಸುಪಾಸಿನ ಕ್ಲಾಸು. ಮೊದಲು ದಂಡ ಹಾಕಿ ನೋಡಿದೆ, ಒಂದು ಶಾರ್ಟ್ ಫಾರ್ಮಿಗೆ ಐದು ರೂಪಾಯಿ. ದುಡ್ಡು ಮಿರ್ಚಿ-ಚುರುಮುರಿಗೆ ಹೋಯಿತು. ಹುಡುಗರು ಬರೆಯುವುದನ್ನೇ ಬಿಟ್ಟು ವಾಯ್ಸ್ ಮೆಸೇಜಿಗೆ ಇಳಿದರು. ಆಮೇಲೆ ಗ್ರಾಮರ್ ಆ್ಯಪ್. ನನ್ನ ಜೇಬಿನಿಂದ ಎರಡು ಸಾವಿರದಷ್ಟು ಹೋಯಿತು. ಆ್ಯಪ್ ತಿದ್ದುತ್ತದೆ, ಹುಡುಗ ನೋಡದೇ ಒತ್ತುತ್ತಾನೆ. ಪರೀಕ್ಷೆ ಹಾಳೆಯಲ್ಲಿ ತಿದ್ದೋರು ಯಾರು?

ಕೊನೆಗೆ ಹೆಸರು ಮುಚ್ಚಿ ಅವರ ಮೆಸೇಜುಗಳನ್ನೇ ಪ್ರಿಂಟ್ ಹಾಕಿಸಿ, ಉತ್ತರ ಪತ್ರಿಕೆಗಳ ಪಕ್ಕ ಇಟ್ಟುಕೊಂಡು ಕೂತೆ. ನಾವು ಬೈಯುವ ಶಾರ್ಟ್ ಫಾರ್ಮು ಪರೀಕ್ಷೆಯಲ್ಲಿ ಅಷ್ಟೇನೂ ಇರಲಿಲ್ಲ. ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ ಇದ್ದ ಕಾಲದ ಚಟ ಅದು, ಎಲ್ಲಿ ಬಳಸಬಾರದು ಅಂತ ಹುಡುಗರಿಗೆ ಗೊತ್ತು. ರೋಗ ಇದ್ದದ್ದು ಫುಲ್‌ಸ್ಟಾಪಿನಲ್ಲಿ. ಮೊಬೈಲಿನಲ್ಲಿ ಸೆಂಡ್ ಒತ್ತಿದರೆ ಮಾತು ಮುಗಿಯಿತು, ಚುಕ್ಕಿ ಯಾಕೆ ಬೇಕು? ಅದೇ ಕೈ ಹಾಳೆಯ ಮೇಲೆ ರಜೆ ಅರ್ಜಿ ಬರೆದಾಗ ಜ್ವರ, ಅಕ್ಕನ ಮದುವೆ, ರಜೆ ಎಲ್ಲಾ ಒಂದೇ ಗೂಡ್ಸ್ ಗಾಡಿ.

ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಹೇಗೆ ಬೇಕಾದರೂ ಬರೆಯಿರಿ, ವಾಯ್ಸ್ ಮಾತ್ರ ಬೇಡ ಅಂದೆ. ಮರುದಿನ ಅದೇ ಮೆಸೇಜು ಪೆನ್ನಿನಲ್ಲಿ, ಪ್ರಿನ್ಸಿಪಾಲರಿಗೆ ಬರೆದ ಹಾಗೆ. ತಿದ್ದೋದು ವಾರಕ್ಕೆ ಒಂದೇ ತಪ್ಪು. ಫುಲ್‌ಸ್ಟಾಪಿನ ವಾರದಲ್ಲಿ ಸ್ಪೆಲ್ಲಿಂಗ್ ಎಷ್ಟು ಕೆಟ್ಟಿದ್ದರೂ ಕೆಂಪು ಪೆನ್ನು ಮುಟ್ಟಲ್ಲ. ನಮ್ಮಂಥವರಿಗೆ ಇದೇ ಕಷ್ಟ, ಕೈ ತುರಿಸುತ್ತದೆ. ಆಮೇಲೆ ಕ್ಯಾಪಿಟಲ್, ಆಮೇಲೆ ಕ್ರಿಯಾಪದ. ತಿದ್ದುವವರು ಹುಡುಗರೇ. ಯಾರ ಹಾಳೆ ಯಾರಿಗೆ ಕೊಡ್ತೀನಿ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಇಳಕಲ್ಲಿನ ನೇಕಾರರ ಮನೆಯ ಹುಡುಗಿಯೊಬ್ಬಳು ಸ್ಟೇಟಸ್ಸಿನಲ್ಲಿ ಸೀರೆ ಮಾರುತ್ತಾಳೆ. ಗಿರಾಕಿಗಳು ಪುಣೆ, ಮುಂಬೈ ಕಡೆಯವರು. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸುವುದನ್ನು ಇಂಗ್ಲಿಷಿನಲ್ಲಿ ಬರೆದು ಕೊಡು ಅಂದೆ. ಒಡಲಿನ ಹಾಸು (ಮಗ್ಗದ ಉದ್ದನೆಯ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ, ಎಳೆಗೆ ಎಳೆ ಕೊಂಡಿ ಬೀಳಬೇಕು. ಯಾವುದಾದ ಮೇಲೆ ಯಾವುದು ಅಂತ ಬರೆಯುತ್ತಾ ಹೋದಳು, ಪ್ಯಾಸಿವ್ ವಾಯ್ಸ್ ತಾನಾಗೇ ಬಂತು. ನಾನು ಎರಡು ವರ್ಷ ಬೋರ್ಡಿನ ಮೇಲೆ ಬಡಿದದ್ದು! ಇದೇ ಆಟ ಇನ್‌ಸ್ಟಾಗ್ರಾಂ ಕ್ಯಾಪ್ಷನ್ನಿನಲ್ಲಿ ಆಡಿಸಿದರೆ ನಡೆಯಲಿಲ್ಲ. ಬರೀ ಹ್ಯಾಶ್‌ಟ್ಯಾಗ್, ಹಾರ್ಟು.

ಮೊದಲು ಹತ್ತು ಹನ್ನೆರಡು ಮಂದಿ ರಜೆ ಅರ್ಜಿಯನ್ನು ಬಿಡಿ ಬಿಡಿ ವಾಕ್ಯದಲ್ಲಿ ಬರೆಯುತ್ತಿದ್ದರು. ಸೆಮಿಸ್ಟರ್ ಮುಗಿಯುವಾಗ ನಲವತ್ತು ದಾಟಿತ್ತು. ಝೆರಾಕ್ಸಿಗೆ ಆರುನೂರರ ಹತ್ತಿರ ಖರ್ಚು, ಅದೂ ನನ್ನದೇ. ಟೆನ್ಸ್ ಮಾತ್ರ ಈ ದಾರಿಯಲ್ಲಿ ಬಗ್ಗುತ್ತಿಲ್ಲ. ಮೆಸೇಜಿನಲ್ಲಿ ಎಲ್ಲಾ "ಈಗ"ಲೇ ನಡೆಯುತ್ತದೆ ನೋಡಿ. ಈ ಸಲ ಹಳೇ ಚಾಟ್ ತೆಗೆಸಿ, ಆವತ್ತು ಏನಾಯಿತು ಅಂತ ಬರೆಸುತ್ತಿದ್ದೇನೆ.