ಕ್ಯೋಟೊದಲ್ಲಿ ಒಂದು ದಿನಕ್ಕೆ ಸ್ಥಳೀಯ ಗೈಡ್: ನಾನು ಆರಿಸುವ ಬಗೆ

ಜಪಾನಿನ ಕ್ಯೋಟೊಗೆ ಹೊರಡುವವರ ಪಟ್ಟಿ ಬಹುಪಾಲು ಒಂದೇ ಥರ ಇರುತ್ತದೆ. ಫುಶಿಮಿ ಇನಾರಿಯ ಕೆಂಪು ಕಮಾನುಗಳು, ಕಿಂಕಾಕು-ಜಿಯ ಚಿನ್ನದ ಮಂಟಪ, ಅರಾಶಿಯಾಮದ ಬಿದಿರ ತೋಪು, ಕಿಯೊಮಿಜು-ದೆರಾ ದೇವಾಲಯ, ಸಂಜೆಗೆ ಗಿಯೋನ್ ಬೀದಿ. ಐದೂ ಒಂದೇ ದಿನಕ್ಕೆ. ಈ ಪಟ್ಟಿಯನ್ನು ತಿದ್ದದೆ ಹಾಗೇ ಗೈಡಿಗೆ ಕಳಿಸುತ್ತೇನೆ. 'ಖಂಡಿತ, ಎಲ್ಲವನ್ನೂ ತೋರಿಸುತ್ತೇನೆ' ಎಂದವರ ಜೊತೆ ಮಾತು ಅಲ್ಲಿಗೇ ಮುಗಿಯಿತು. 'ಎರಡನ್ನು ಬಿಡಬೇಕಾಗುತ್ತದೆ, ಯಾವುದು ಅಂತ ಹೇಳಲಾ?' ಎಂದು ಕೇಳಿದವರ ಜೊತೆ ಮುಂದುವರಿಯುತ್ತೇನೆ. ಗೈಡ್ ಏನನ್ನು ಸೇರಿಸುತ್ತಾರೆ ಎನ್ನುವುದಕ್ಕಿಂತ ಏನನ್ನು ತೆಗೆದುಹಾಕುತ್ತಾರೆ ಎನ್ನುವುದೇ ಅವರ ಅನುಭವವನ್ನು ತೋರಿಸುತ್ತದೆ.

ಐದೂ ಯಾಕಾಗುವುದಿಲ್ಲ ಎನ್ನುವುದಕ್ಕೆ ನಕ್ಷೆ ನೋಡಿದರೆ ಸಾಕು. ಇನಾರಿ ಇರುವುದು ಊರಿನ ಆಗ್ನೇಯಕ್ಕೆ, ಕಿಂಕಾಕು-ಜಿ ವಾಯವ್ಯಕ್ಕೆ, ಅರಾಶಿಯಾಮ ಪಶ್ಚಿಮದ ತುದಿಗೆ, ಕಿಯೊಮಿಜು ಪೂರ್ವದ ಬೆಟ್ಟದ ಮೈಮೇಲೆ. ಮೆಟ್ರೊ ಇರುವುದು ಎರಡೇ ಮಾರ್ಗ, ಅವೂ ಈ ಜಾಗಗಳ ಬಾಗಿಲಿಗೆ ಹೋಗುವುದಿಲ್ಲ. ಕಿಂಕಾಕು-ಜಿಗಂತೂ ಹತ್ತಿರದಲ್ಲಿ ರೈಲೇ ಇಲ್ಲ; ಕ್ಯೋಟೊ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಸುಮಾರು 40 ನಿಮಿಷ, ಜನ ಹೆಚ್ಚಿದ್ದ ದಿನ ಇನ್ನೂ ಹೆಚ್ಚು. ಅಲ್ಲಿ ಹೋಗಿ ಮಾಡುವುದಾದರೂ ಏನು? ಒಳಗೆ ಬಿಡುವುದಿಲ್ಲ, ಕೊಳದ ಈ ದಡದಿಂದ ನೋಡಿ ಫೋಟೊ ತೆಗೆದು, ಒಂದು ಸುತ್ತು ಹಾಕಿ ಹೊರಬರುವುದು. ಈಗಿರುವ ಮಂಟಪ 1950ರಲ್ಲಿ ಹಳೆಯದು ಸುಟ್ಟುಹೋದ ಮೇಲೆ 1955ರಲ್ಲಿ ಮತ್ತೆ ಕಟ್ಟಿದ್ದು. ಚೆಂದವಿಲ್ಲವೆಂದಲ್ಲ, ಆದರೆ ಗೈಡಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ದಿನ ಇದು ದಂಡ. ಗೈಡ್ ಇಲ್ಲದ ಇನ್ನೊಂದು ದಿನ ನೀವೇ ಹೋಗಿಬನ್ನಿ.

ಮೊದಲ ಸಂದೇಶದಲ್ಲಿ ನಾನು ಬರೆಯುವುದು ಇಷ್ಟು: ತಾರೀಖು ಮತ್ತು ವಾರ, ಎಷ್ಟು ಜನ, ಪ್ರತಿಯೊಬ್ಬರ ವಯಸ್ಸು, ನಿಲ್ಲದೆ ಎಷ್ಟು ಹೊತ್ತು ನಡೆಯಬಲ್ಲರು, ಮೆಟ್ಟಿಲು ಹತ್ತಬಲ್ಲರೇ, ನೆಲದ ಮೇಲೆ ಕೂರಬಲ್ಲರೇ, ಊಟದ ಕಟ್ಟುಪಾಡು, ಉಳಿದುಕೊಳ್ಳುವ ಹೋಟೆಲಿನ ಹೆಸರು, ದಿನದ ಕೊನೆಗೆ ಎಲ್ಲಿರಬೇಕು. ವಾರ ಬರೆಯುವುದು ಸುಮ್ಮನೆ ಅಲ್ಲ. ನಿಜೊ ಕೋಟೆಯ ನಿನೊಮಾರು ಅರಮನೆಗೆ ಜನವರಿ, ಜುಲೈ, ಆಗಸ್ಟ್, ಡಿಸೆಂಬರ್ ತಿಂಗಳ ಮಂಗಳವಾರಗಳಂದು ಒಳಗೆ ಬಿಡುವುದಿಲ್ಲ. ಚಕ್ರವರ್ತಿಗಳ ಹಳೆಯ ಅರಮನೆಗೆ ಸಾಮಾನ್ಯವಾಗಿ ಸೋಮವಾರ ರಜೆ. ಉತ್ತರದಲ್ಲಿ ಗೈಡ್ ಇದನ್ನು ತಾವಾಗಿ ಎತ್ತಿದರೆ ಮನಸ್ಸಿನಲ್ಲೇ ಒಂದು ಅಂಕ ಕೊಡುತ್ತೇನೆ.

ಇನ್ನು ಪರವಾನಗಿ. ಜಪಾನಿನಲ್ಲಿ ವಿದೇಶಿ ಭಾಷೆಯಲ್ಲಿ ದುಡ್ಡು ಪಡೆದು ಗೈಡ್ ಕೆಲಸ ಮಾಡಲು ಮೊದಲು ರಾಷ್ಟ್ರೀಯ ಪರೀಕ್ಷೆ ಪಾಸಾಗಿರಲೇಬೇಕಿತ್ತು. 2018ರ ಜನವರಿಯಲ್ಲಿ ಕಾನೂನು ಬದಲಾಯಿತು. ಈಗ ಯಾರು ಬೇಕಾದರೂ ಗೈಡ್ ಆಗಬಹುದು. ಆದರೆ 'ಝೆಂಕೊಕು ತ್ಸೂಯಾಕು ಅನ್ನಾಯಿಶಿ' (ರಾಷ್ಟ್ರೀಯ ಪರವಾನಗಿಯ ದುಭಾಷಿ ಗೈಡ್) ಎಂಬ ಬಿರುದನ್ನು ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಂಡವರು ಮಾತ್ರ ಬಳಸಬಹುದು. ಅವರ ಬಳಿ ನೋಂದಣಿ ಸಂಖ್ಯೆ ಇರುವ ಕಾರ್ಡ್ ಇರುತ್ತದೆ, 5 ವರ್ಷಕ್ಕೊಮ್ಮೆ ತರಬೇತಿಯೂ ಕಡ್ಡಾಯ. ಪರೀಕ್ಷೆ ಇರುವ ಹತ್ತು ಭಾಷೆಗಳಲ್ಲಿ ಭಾರತದ ಒಂದು ಭಾಷೆಯೂ ಇಲ್ಲ, ಹಾಗಾಗಿ ನಮಗೆ ಸಿಗುವುದು ಇಂಗ್ಲಿಷ್ ಗೈಡೇ. ಪರವಾನಗಿ ಇಲ್ಲದವರೆಲ್ಲ ಕಳಪೆ ಅಂತ ನಾನು ಹೇಳುವುದಿಲ್ಲ. ಒಂದೇ ಬಡಾವಣೆಯನ್ನು ಅರೆದು ಕುಡಿದ ನಿವಾಸಿಗಳು ಒಳ್ಳೆಯ ಗೈಡ್ ಆಗಿರುತ್ತಾರೆ. ಆದರೆ ಇತಿಹಾಸ, ಬೌದ್ಧ ಪಂಥಗಳು, ಶಿಲ್ಪ ಇವುಗಳ ಬಗ್ಗೆ ಕೇಳುವ ಮನಸ್ಸಿದ್ದರೆ ಕಾರ್ಡ್ ಇರುವವರನ್ನೇ ಹುಡುಕುತ್ತೇನೆ.

ಮನೆಯ ಹಿರಿಯರಿಗೆ ಕನ್ನಡ ಮಾತ್ರ ಬಂದರೆ ನಿಮ್ಮಲ್ಲೊಬ್ಬರು ದಿನವಿಡೀ ದುಭಾಷಿ ಆಗಬೇಕಾಗುತ್ತದೆ. ಆಗ ವಿವರಣೆಗೆ ಎರಡರಷ್ಟು ಹೊತ್ತು ಬೇಕು, ನೋಡುವ ಜಾಗ ಇನ್ನೊಂದು ಕಡಿಮೆ ಮಾಡಬೇಕು. ಇದನ್ನು ಮುಂಚೆಯೇ ಹೇಳಿ, ನಾಲ್ಕೈದು ವಾಕ್ಯಕ್ಕೊಮ್ಮೆ ನಿಲ್ಲಿಸಲು ಕೇಳಿಕೊಳ್ಳಿ. ದುಡ್ಡು ಕಟ್ಟುವ ಮುನ್ನ ಹತ್ತು ನಿಮಿಷ ವಿಡಿಯೊ ಕರೆಯಲ್ಲಿ ಮಾತಾಡಿದರೆ ಅವರ ಇಂಗ್ಲಿಷ್ ನಿಮ್ಮವರ ಕಿವಿಗೆ ಹಿಡಿಸುತ್ತದೆಯೇ ಎಂದೂ ಗೊತ್ತಾಗುತ್ತದೆ.

ವಿಮರ್ಶೆಗಳಲ್ಲಿ 'ತುಂಬಾ ಒಳ್ಳೆಯವರು' ಎನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮಳೆ ಬಂದಾಗ ಏನು ಬದಲಿಸಿದರು, ಮಂಡಿ ನೋವಿನವರನ್ನು ಹೇಗೆ ಕರೆದುಕೊಂಡು ಹೋದರು, ಮಗು ರಚ್ಚೆ ಹಿಡಿದಾಗ ಏನು ಮಾಡಿದರು, ಇಂಥವನ್ನು ಹುಡುಕಿ ಓದುತ್ತೇನೆ.

ಕಾರಿನ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿರಬೇಕು. 'ನನ್ನದೇ ಕಾರಿದೆ, ಎಲ್ಲ ಕಡೆ ಕರೆದುಕೊಂಡು ಹೋಗುತ್ತೇನೆ' ಎಂಬ ಅಗ್ಗದ ಕೊಡುಗೆ ಬಂದರೆ ನಂಬರ್ ಪ್ಲೇಟಿನ ಬಣ್ಣ ಕೇಳಿ. ಬಾಡಿಗೆಗೆ ಜನರನ್ನು ಸಾಗಿಸುವ ಟ್ಯಾಕ್ಸಿ, ವ್ಯಾನುಗಳಿಗೆ ಹಸಿರು ಪ್ಲೇಟ್ ಇರುತ್ತದೆ. ಬಿಳಿ ಪ್ಲೇಟ್ ಸ್ವಂತ ಗಾಡಿಯದು. ಬಿಳಿ ಪ್ಲೇಟಿನಲ್ಲಿ ಅನುಮತಿಯಿಲ್ಲದೆ ದುಡ್ಡು ತೆಗೆದುಕೊಂಡು ಕರೆದೊಯ್ಯುವ 'ಶಿರೊತಾಕು' ಅಕ್ರಮ. ಅಪಘಾತವಾದರೆ ವಿಮೆ ಕೈಹಿಡಿಯುವ ಭರವಸೆಯೂ ಇಲ್ಲ. ಇನ್ನೊಂದು ಲೆಕ್ಕ: ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರೇ ಪ್ರಯಾಣಿಕರು. ನೀವು ನಾಲ್ವರಿದ್ದು ಗೈಡ್ ಸೇರಿದರೆ ಐವರು, ಪ್ರತಿಸಲ ಎರಡು ಟ್ಯಾಕ್ಸಿ. ಆಗ 9 ಜನರ ಜಂಬೊ ಟ್ಯಾಕ್ಸಿಯನ್ನು ಗಂಟೆ ಲೆಕ್ಕದಲ್ಲಿ ಹಿಡಿಯುವುದೋ, ರೈಲಿನಲ್ಲಿ ಓಡಾಡುವುದೋ ಎಂದು ಹೋಲಿಸಿ ನೋಡಬೇಕು. ಒಹಾರ, ತಕಾವೊ ಥರದ ಬೆಟ್ಟದ ಕಡೆಗೆ ಅಥವಾ ನಡೆಯಲಾಗದ ಹಿರಿಯರಿದ್ದರೆ ಕಾರು ಸರಿ. ಪೂರ್ವ ಭಾಗಕ್ಕೆ, ಅದರಲ್ಲೂ ನವೆಂಬರ್ ಕೊನೆಯ ಎಲೆ ಕೆಂಪಾಗುವ ಕಾಲಕ್ಕೆ ಮತ್ತು ಏಪ್ರಿಲ್ ಮೊದಲ ವಾರದ ಚೆರಿ ಕಾಲಕ್ಕೆ, ಕಾರು ಬೇಡವೇ ಬೇಡ. ಹಿಗಾಶಿಯೋಜಿ ರಸ್ತೆಯಲ್ಲಿ ವಾಹನ ತೆವಳುತ್ತದೆ, ಕಿಯೊಮಿಜುವಿನ ಬಾಗಿಲ ತನಕ ಹೇಗೂ ಹೋಗುವುದಿಲ್ಲ. ಕೆಳಗಿಳಿದು ಏರು ಹತ್ತಲೇಬೇಕು.

ಪೂರ್ವ ಭಾಗಕ್ಕೆ ನಾನು ಇಷ್ಟಪಡುವ ದಿನ ಕೇಹಾನ್ ಎಂಬ ಖಾಸಗಿ ರೈಲಿನ ಹಳಿಯುದ್ದಕ್ಕೂ ಸಾಗುತ್ತದೆ. ಇನಾರಿಗೆ ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಹೋಗಬಹುದು, ಕ್ಯೋಟೊ ಸ್ಟೇಷನ್ನಿನಿಂದ ಎರಡನೇ ನಿಲ್ದಾಣ. ಲೋಕಲ್ ರೈಲೇ ಹತ್ತಬೇಕು, ನಾರಾ ಕಡೆ ಹೋಗುವ ರ‍್ಯಾಪಿಡ್ ಅಲ್ಲಿ ನಿಲ್ಲುವುದಿಲ್ಲ. ಇನಾರಿಗೆ ಟಿಕೆಟ್ ಇಲ್ಲ, ಬಾಗಿಲು ಹಾಕುವುದೂ ಇಲ್ಲ. ಬೆಳಗ್ಗೆ ಎಂಟಕ್ಕೆ ಮುಂಚೆ ಅಲ್ಲಿದ್ದರೆ ಕಮಾನುಗಳ ಸಾಲು ನಿಮ್ಮದೇ. ಬೆಟ್ಟ 233 ಮೀಟರ್. ಪೂರ್ತಿ ಸುತ್ತಿಗೆ ಎರಡರಿಂದ ಮೂರು ಗಂಟೆ ಬೇಕು. ಯೊತ್ಸುತ್ಸುಜಿ ಕೂಡುದಾರಿಯ ತನಕ ಹತ್ತಿ, ಊರು ನೋಡಿ ಇಳಿಯುವುದು ಸಾಕು. ಅಲ್ಲಿಂದ ಕೇಹಾನ್ ಲೈನಿನ ಫುಶಿಮಿ-ಇನಾರಿ ನಿಲ್ದಾಣಕ್ಕೆ ನಡೆದು ಶಿಚಿಜೊದಲ್ಲಿ ಇಳಿದರೆ ಸಾಂಜೂಸಾಂಗೆನ್-ದೋ ದೇವಾಲಯ ಹತ್ತೇ ನಿಮಿಷದೊಳಗೆ. ಮತ್ತೆ ಅದೇ ಲೈನಿನಲ್ಲಿ ಎರಡು ನಿಲ್ದಾಣ ಮುಂದಕ್ಕೆ ಗಿಯೋನ್-ಶಿಜೊ. ಊಟ, 1202ರಲ್ಲಿ ಶುರುವಾದ ಕೆನ್ನಿನ್-ಜಿ ಝೆನ್ ದೇವಾಲಯ, ಕೊನೆಗೆ ನಾಲ್ಕರ ನಂತರ ಕಿಯೊಮಿಜು. ಒಮ್ಮೆಯೂ ಬಸ್ ಹತ್ತಬೇಕಾಗಿಲ್ಲ. 'ಇನಾರಿಯಿಂದ ಮುಂದಕ್ಕೆ ಹೇಗೆ ಹೋಗುತ್ತೇವೆ?' ಎಂದು ಗೈಡನ್ನು ಕೇಳಿ ನೋಡಿ. ಕ್ಯೋಟೊ ಸ್ಟೇಷನ್ನಿಗೆ ವಾಪಸು ಬಂದು ಬಸ್ ಹಿಡಿಯೋಣ ಎಂದರೆ ಆ ಯೋಜನೆ ನಕ್ಷೆ ನೋಡಿ ಮಾಡಿದ್ದಲ್ಲ.

ಸಾಂಜೂಸಾಂಗೆನ್-ದೋವನ್ನು ಹಲವು ಪ್ಯಾಕೇಜುಗಳು ಬಿಟ್ಟುಬಿಡುತ್ತವೆ, ಒಳಗೆ ಫೋಟೊ ತೆಗೆಯುವಂತಿಲ್ಲವೆಂಬುದೇ ಕಾರಣವಿರಬೇಕು. ಭಾರತದಿಂದ ಹೋದವರಿಗೆ ನನ್ನ ಪ್ರಕಾರ ಕ್ಯೋಟೊದಲ್ಲಿ ಇದಕ್ಕಿಂತ ಹತ್ತಿರದ ಜಾಗವಿಲ್ಲ. 1266ರಲ್ಲಿ ಮರುನಿರ್ಮಿಸಿದ, ಸುಮಾರು 120 ಮೀಟರ್ ಉದ್ದದ ಮರದ ಕಟ್ಟಡ. ಅವಲೋಕಿತೇಶ್ವರನ 1001 ಮೂರ್ತಿಗಳು. ಅವುಗಳ ಮುಂದೆ ಸಾಲಾಗಿ ನಿಂತ 28 ರಕ್ಷಕ ದೇವತೆಗಳಲ್ಲಿ ಇಂದ್ರ, ಬ್ರಹ್ಮ, ಕೊಳಲೂದುವ ಗರುಡ. ಇದರ ಜೊತೆ ಕ್ಯೋಟೊ ಸ್ಟೇಷನ್ನಿನ ನೈರುತ್ಯಕ್ಕಿರುವ ತೋ-ಜಿ ದೇವಾಲಯವನ್ನೂ ಸೇರಿಸಬಹುದು: ಉಪನ್ಯಾಸ ಭವನದಲ್ಲಿ ಮಂಡಲವಾಗಿ ನಿಲ್ಲಿಸಿದ 21 ಮೂರ್ತಿಗಳಲ್ಲಿ ಆನೆಯ ಮೇಲೆ ಕೂತ ಇಂದ್ರ, ಹಂಸಗಳ ಮೇಲೆ ಕೂತ ಬ್ರಹ್ಮ ಇದ್ದಾರೆ. 'ನಾವು ಭಾರತದವರು, ಈ ದೇವರುಗಳು ಇಲ್ಲಿಗೆ ಬಂದ ದಾರಿಯ ಬಗ್ಗೆ ಹೇಳಬಲ್ಲಿರಾ?' ಎಂದು ಮೊದಲೇ ಬರೆದರೆ ಒಳ್ಳೆಯ ಗೈಡ್ ಓದಿಕೊಂಡು ಬರುತ್ತಾರೆ. ಪಕ್ಕದ ನಾರಾ ಊರಿಗೆ ಹೋಗುವವರು ಕೇಳಬೇಕಾದ್ದು ಬೋಧಿಸೇನನ ಬಗ್ಗೆ: ತೋದಾಯಿ-ಜಿಯ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದು ಪ್ರತಿಷ್ಠೆ ಮಾಡಿದ್ದು ಭಾರತದಿಂದ ಹೋದ ಆ ಭಿಕ್ಷು. ಅಂದಹಾಗೆ, ದೇವಾಲಯದೊಳಗೆ ಜೋರಾಗಿ ವಿವರಿಸುವ ವಾಡಿಕೆ ಇಲ್ಲ. ಹೊರಗೇ ಚಿತ್ರ ತೋರಿಸಿ ಕಥೆ ಹೇಳಿ ಮುಗಿಸಿ, ಒಳಗೆ ಬೆರಳಿನಿಂದ ತೋರಿಸುವುದು ಪಳಗಿದವರ ಕ್ರಮ.

ಊಟವೇ ಹೆಚ್ಚು ಕೆಡುವ ಭಾಗ. 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಮಾಂಸದ ತುಂಡಿಲ್ಲದ ಉದೋನ್ (ದಪ್ಪ ಗೋಧಿ ಶಾವಿಗೆ) ಬರುತ್ತದೆ, ಅದರ ಸಾರು ಮಾತ್ರ ಕತ್ಸುವೊ ಮೀನಿನದು. ದಾಶಿ ಎಂಬ ಈ ಸಾರು ತೋಫು ಅದ್ದುವ ಸಾಸಿನಲ್ಲಿ, ಪಲ್ಯದಲ್ಲಿ, ಕೆಲವು ಉಪ್ಪಿನಕಾಯಿಯಲ್ಲೂ ಇರುತ್ತದೆ. ಹಾಗಾಗಿ 'ಮಾಂಸ, ಮೀನು, ಮೊಟ್ಟೆ ಬೇಡ. ಮೀನಿನ ದಾಶಿಯೂ ಬೇಡ, ಕೊಂಬು ಪಾಚಿಯ ದಾಶಿ ಆಗಬಹುದು' ಎಂದು ಬಿಡಿಸಿ ಬರೆದು, ಹೋಟೆಲಿಗೆ ಗೈಡೇ ಜಪಾನಿ ಭಾಷೆಯಲ್ಲಿ ಫೋನ್ ಮಾಡಿ ಕಾಯ್ದಿರಿಸಲು ಕೇಳುತ್ತೇನೆ. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ಮಡಿಯ ಮನೆಯವರಿಗೂ ನೆಮ್ಮದಿ. ಅರಾಶಿಯಾಮದ ತೆನ್‌ರ‍್ಯೂ-ಜಿ ಆವರಣದಲ್ಲಿರುವ ಶಿಗೆತ್ಸು ಎಂಬ ಊಟದ ಮನೆ ಇದಕ್ಕೇ ಹೆಸರಾದದ್ದು. ಮಧ್ಯಾಹ್ನ ಮಾತ್ರ, ಮುಂಗಡವಾಗಿ ಹೇಳಿಡಬೇಕು. ಗಡ್ಡೆ ತಿನ್ನದ ಜೈನರು ಮಾತ್ರ ಎಚ್ಚರ: ಮೂಲಂಗಿ, ತಾವರೆ ದಂಟು, ಗೊಬೊ ಬೇರು ಶೋಜಿನ್ ಅಡುಗೆಯ ಜೀವಾಳ. ಇದನ್ನು ಬೇರೆಯಾಗಿಯೇ ತಿಳಿಸಬೇಕು, ಸಾಧ್ಯವಿಲ್ಲ ಎಂಬ ಉತ್ತರಕ್ಕೂ ತಯಾರಿರಬೇಕು.

ಬೆಲೆಗೆ ಬರೋಣ. ಪರವಾನಗಿ ಇರುವ ಇಂಗ್ಲಿಷ್ ಗೈಡುಗಳು ಪೂರ್ತಿ ದಿನಕ್ಕೆ ಕೇಳುವುದು ಹೆಚ್ಚಾಗಿ 30,000ರಿಂದ 60,000 ಯೆನ್, ತಲೆಗಲ್ಲ, ಇಡೀ ಗುಂಪಿಗೆ. ಪೂರ್ತಿ ದಿನವೆಂದರೆ ಸಾಮಾನ್ಯವಾಗಿ ಊಟದ ಹೊತ್ತೂ ಸೇರಿ 8 ಗಂಟೆ. ಇದರ ಮೇಲೆ ನಿಮ್ಮ ಮತ್ತು ಗೈಡಿನ ರೈಲು-ಬಸ್ ಖರ್ಚು, ಪ್ರವೇಶ ಶುಲ್ಕ, ಗೈಡಿನ ಊಟ ಬರುತ್ತದೆ. ಮೇಲೆ ಹೇಳಿದ ದಿನಕ್ಕೆ ನಾಲ್ವರ ಪ್ರವೇಶ ಶುಲ್ಕವೇ 8,000 ಯೆನ್ ಹತ್ತಿರ ಆಗುತ್ತದೆ. ಬರವಣಿಗೆಯಲ್ಲಿ ಕೇಳಿ ಪಡೆಯಬೇಕಾದ್ದು: ಹೆಚ್ಚುವರಿ ಗಂಟೆಗೆ ಎಷ್ಟು, ಬೇರೆ ಊರಿಂದ ಬರುವವರಾದರೆ ಅವರ ಪ್ರಯಾಣ ಯಾರದು, ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಎಷ್ಟು ವಾಪಸು, ಚಂಡಮಾರುತದಿಂದ ರೈಲು ನಿಂತರೆ ಏನು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೊನೆಯ ಪ್ರಶ್ನೆ ಬಹಳ ಮುಖ್ಯ. ರೈಲು ಕಂಪನಿಗಳು ಹಿಂದಿನ ದಿನವೇ ಸಂಚಾರ ನಿಲ್ಲಿಸುವುದಾಗಿ ಸಾರುತ್ತವೆ. 'ಅಂಗಡಿ ಭೇಟಿ ಬೇಡ' ಎಂದೂ ಸೇರಿಸಿ. ಮಾರಾಟದಲ್ಲಿ ಪಾಲು ಸಿಗುವ ಕಡೆ ಅರ್ಧ ಗಂಟೆ ಕಳೆದುಹೋಗುವುದು ಅಲ್ಲೂ ಉಂಟು. ದುಡ್ಡು ಕಡಿಮೆ ಇದ್ದರೆ ಸ್ವಯಂಸೇವಕ ಗೈಡುಗಳ ಸಂಘಗಳಿವೆ: ಸಂಭಾವನೆ ಇಲ್ಲ, ಅವರ ಪ್ರಯಾಣ, ಪ್ರವೇಶ, ಊಟದ ಖರ್ಚು ನೀವು ಕೊಟ್ಟರೆ ಸರಿ. ಜ್ಞಾನ ಒಬ್ಬರಿಂದೊಬ್ಬರಿಗೆ ಬಹಳ ವ್ಯತ್ಯಾಸ, ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಅರ್ಧ ದಿನದ ಓಡಾಟಕ್ಕೆ ಚೆನ್ನ.

ಚಹಾ ವಿಧಿ ಬೇಕೆಂದರೆ 45ರಿಂದ 60 ನಿಮಿಷ ಬಿಡಿ. ಮಂಡಿಯೂರಿ ಕೂರಲಾಗದವರಿದ್ದರೆ ಮೇಜು-ಸ್ಟೂಲಿನ 'ರ‍್ಯೂರೇಯಿ' ಪದ್ಧತಿ ಇರುವ ಕಡೆ ಹೇಳಿಡಲು ಕೇಳಿ.

ಭೇಟಿಯ ಜಾಗ ಹೋಟೆಲಿನ ಲಾಬಿಯೇ ಆಗಲಿ. 'ಕ್ಯೋಟೊ ಸ್ಟೇಷನ್' ಎಂದಷ್ಟೇ ಬರೆದರೆ ಗೈಡ್ ಉತ್ತರದ ಕರಾಸುಮ ಕಡೆಯ ಮುಖ್ಯ ಗೇಟಿನಲ್ಲಿ, ನೀವು ಶಿಂಕಾನ್ಸೆನ್ ಬುಲೆಟ್ ರೈಲು ಇಳಿದು ದಕ್ಷಿಣದ ಹಾಚಿಜೊ ಗೇಟಿನಲ್ಲಿ ಕಾಯುತ್ತಿರುತ್ತೀರಿ, ಅರ್ಧ ಗಂಟೆ ಹೋಯಿತು. ಸ್ಟೇಷನ್ನೇ ಆಗಬೇಕೆಂದರೆ ಗೇಟಿನ ಹೆಸರು ಮತ್ತು ಫೋಟೊ ತರಿಸಿಕೊಳ್ಳಿ. ಸೂಟ್‌ಕೇಸ್ ಇದ್ದರೆ ಲಾಕರ್ ನಂಬಬೇಡಿ, ಬೆಳಗ್ಗೆಯೇ ತುಂಬಿಹೋಗುತ್ತವೆ, ಹೋಟೆಲಲ್ಲೇ ಬಿಡಿ. ಹಿಂದಿನ ದಿನ ಎಲ್ಲರಿಗೂ ರೈಲು-ಬಸ್ಸಿಗೆ ನಡೆಯುವ ಇಕೊಕಾ ಕಾರ್ಡ್ ಮಾಡಿಸಿ ದುಡ್ಡು ಹಾಕಿಸಿಕೊಂಡಿದ್ದರೆ ಪ್ರತಿ ಗೇಟಿನ ಮುಂದೆ ಟಿಕೆಟ್ ಯಂತ್ರದ ಜೊತೆ ಗುದ್ದಾಡುವುದು ತಪ್ಪುತ್ತದೆ. ಪ್ರವೇಶ ಶುಲ್ಕಕ್ಕೆ 1000 ಯೆನ್ ನೋಟುಗಳಿರಲಿ, ಹಲವೆಡೆ ನಗದೇ ನಡೆಯುವುದು. ಬಿಚ್ಚಿ ಹಾಕಲು ಸಲೀಸಾದ ಚಪ್ಪಲಿ-ಬೂಟು, ತೂತಿಲ್ಲದ ಕಾಲುಚೀಲ. ಚಳಿಗಾಲದಲ್ಲಿ ಮರದ ನೆಲ ಮೂಳೆ ಕೊರೆಯುತ್ತದೆ, ದಪ್ಪನೆಯವು ಬೇಕು.

ಗಿಯೋನ್‌ನಲ್ಲಿ ಗೈಡ್ ಹೇಳಿದ ಗೆರೆ ದಾಟಬೇಡಿ. 2024ರಿಂದ ಅಲ್ಲಿನ ಖಾಸಗಿ ಓಣಿಗಳಿಗೆ ಪ್ರವಾಸಿಗರು ಹೋಗುವಂತಿಲ್ಲ, 10,000 ಯೆನ್ ದಂಡದ ಫಲಕಗಳಿವೆ. ಹನಾಮಿಕೊಜಿ ಮುಖ್ಯ ಬೀದಿಯಲ್ಲಿ ನಡೆಯಬಹುದು. ಕೆಲಸಕ್ಕೆ ಹೋಗುತ್ತಿರುವ ಮೈಕೊಗಳನ್ನು (ಗೀಶಾ ಆಗಲು ಕಲಿಯುತ್ತಿರುವ ಹುಡುಗಿಯರನ್ನು) ತಡೆದು ಫೋಟೊ ಕೇಳುವುದು ಬೇಡ. 'ಮೈಕೊ ತೋರಿಸುವ ಗ್ಯಾರಂಟಿ' ಎಂದು ಜಾಹೀರಾತು ಮಾಡುವ ಗೈಡುಗಳನ್ನು ನಾನು ಮೊದಲ ಸುತ್ತಿನಲ್ಲೇ ಕೈಬಿಡುತ್ತೇನೆ.

ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ. ಕೊಡಲೇಬೇಕೆನಿಸಿದರೆ ಬರಿ ನೋಟು ಚಾಚದೆ ಕವರಿನಲ್ಲಿಡಿ. ಒಂದು ಪೊಟ್ಟಣ ಕೊಡಗಿನ ಕಾಫಿಯನ್ನು ಇನ್ನೂ ಖುಷಿಯಿಂದ ತೆಗೆದುಕೊಳ್ಳುತ್ತಾರೆ, ಫಿಲ್ಟರ್ ಪುಡಿಯೋ ಬೀಜವೋ ಎಂದು ಮಾತ್ರ ಹೇಳಿ ಕೊಡಿ. ಬೀಳ್ಕೊಡುವ ಮುನ್ನ ಗೈಡಿನ ಕೈಲೇ ಹೋಟೆಲಿನ ಹೆಸರನ್ನು ಜಪಾನಿ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ, ರಾತ್ರಿ ಟ್ಯಾಕ್ಸಿಯವರಿಗೆ ತೋರಿಸಲು ಬೇಕಾಗುತ್ತದೆ.